ಒಂದೇ ಸಂಕ್ರಾಂತಿಯ ಎರಡು ಸ್ಕೋರ್‌ಕಾರ್ಡ್‌ಗಳು: ಕರ್ನಾಟಕದ ತಂಡಗಳ ಒಂದು ವಾರಾಂತ್ಯದ ಅಧ್ಯಯನ

2024ರ ಜನವರಿ 12, ಶುಕ್ರವಾರ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಎರಡು ತಂಡಗಳು ಎರಡು ಊರುಗಳಲ್ಲಿ ನಾಲ್ಕು ದಿನಗಳ ಪಂದ್ಯಕ್ಕೆ ಇಳಿದವು. ಎರಡೂ ಪಂದ್ಯಗಳು ಮುಗಿದದ್ದು 15ರ ಸೋಮವಾರ, ಮಕರ ಸಂಕ್ರಾಂತಿಯ ದಿನ. ಅಹಮದಾಬಾದಿನಲ್ಲಿ ಹಿರಿಯರ ತಂಡವು ರಣಜಿ ಟ್ರೋಫಿಯ ಲೀಗ್ ಪಂದ್ಯದಲ್ಲಿ ಗುಜರಾತ್ ಒಡ್ಡಿದ 110 ರನ್ನುಗಳ ಗುರಿಯನ್ನು ಬೆನ್ನಟ್ಟಿ 103ಕ್ಕೆ ಆಲೌಟಾಗಿ, ಆರು ರನ್ನುಗಳಿಂದ ಸೋತಿತು. ಶಿವಮೊಗ್ಗದ ನವುಲೆ ಮೈದಾನದಲ್ಲಿ 19 ವರ್ಷದೊಳಗಿನವರ ತಂಡವು ಕೂಚ್ ಬಿಹಾರ್ ಟ್ರೋಫಿಯ ಫೈನಲ್‌ನಲ್ಲಿ ಮುಂಬೈ ವಿರುದ್ಧ 8 ವಿಕೆಟ್‌ಗೆ 890 ರನ್ ಪೇರಿಸಿ, ಮೊದಲ ಇನಿಂಗ್ಸ್ ಮುನ್ನಡೆಯ ಬಲದಿಂದ ಆ ಟ್ರೋಫಿಯನ್ನು ಮೊಟ್ಟಮೊದಲ ಬಾರಿಗೆ ರಾಜ್ಯಕ್ಕೆ ತಂದಿತು. ಆ ಇನಿಂಗ್ಸ್‌ನಲ್ಲಿ ಪ್ರಖರ್ ಚತುರ್ವೇದಿ ಒಬ್ಬರೇ ಅಜೇಯ 404 ರನ್ ಗಳಿಸಿದ್ದರು.

ಒಂದು ಕ್ಲಬ್ಬಿನ ಹಿರಿಯರ ತಂಡ, ಎರಡನೆಯ ತಂಡ, ಹುಡುಗರ ತಂಡ ಎಲ್ಲವೂ ಶನಿವಾರ, ಭಾನುವಾರಗಳಲ್ಲಿ ಆಡಿ ಬಂದ ಮೇಲೆ, ಸೋಮವಾರ ಬೆಳಿಗ್ಗೆ ಆ ಕ್ಲಬ್ಬಿನ ಕಾರ್ಯದರ್ಶಿ ಫಲಿತಾಂಶಗಳನ್ನು ಒಂದರ ಕೆಳಗೊಂದು ಬರೆಯುವುದು ನಮ್ಮ ಲೀಗ್ ಕ್ರಿಕೆಟ್ಟಿನ ಹಳೆಯ ರೂಢಿ. ಮೊದಲ ತಂಡದ ಫಲಿತಾಂಶ ಮೇಲೆ, ಉಳಿದವು ಕೆಳಗೆ, ಹುಡುಗರದ್ದು ಕೊನೆಯಲ್ಲಿ. ರಾಜ್ಯ ಸಂಸ್ಥೆಯೆಂದರೂ ದೊಡ್ಡ ಗಾತ್ರದ ಒಂದು ಕ್ಲಬ್ಬೇ. ಅದಕ್ಕೂ ಹಿರಿಯರ ತಂಡವಿದೆ, 23ರೊಳಗಿನವರ, 19ರೊಳಗಿನವರ, 16ರೊಳಗಿನವರ ತಂಡಗಳಿವೆ, ಮಹಿಳೆಯರ ತಂಡಗಳಿವೆ. ಮೇಲಿನ ತಂಡದಲ್ಲಿ ಒಂದು ಜಾಗ ಖಾಲಿಯಾದರೆ ಅದರ ಸೆಳೆತ ಕೆಳಗಿನ ತಂಡದವರೆಗೂ ತಲುಪುತ್ತದೆ. ಆ ಜನವರಿಯ ವಾರಾಂತ್ಯವನ್ನು ನಾನು ಪ್ರಕರಣವಾಗಿ ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ: ಈ ಎರಡು ಫಲಿತಾಂಶಗಳನ್ನು ಒಂದರ ಕೆಳಗೊಂದು ಬರೆದುಬಿಟ್ಟರೆ ಹಿರಿಯರು ಕುಸಿದರು, ಕಿರಿಯರು ಮೆರೆದರು ಎಂಬ ಒಂದೇ ಓದು ಉಳಿಯುತ್ತದೆ. ಪಂದ್ಯಗಳ ಒಳಗೆ ಹೋಗಿ ನೋಡಿದರೆ ಆ ಓದು ಅರ್ಧ ಮಾತ್ರ ಸರಿ ಎಂಬುದು ನನ್ನ ವಾದ. ಯಾವ ಪಂದ್ಯ ಯಾವ ನಿಯಮದ ಕೆಳಗೆ ನಡೆಯಿತು, ಯಾರು ಆಡಲು ಲಭ್ಯರಿದ್ದರು, ಯಾರಿರಲಿಲ್ಲ ಎಂಬುದನ್ನು ಪಕ್ಕದಲ್ಲಿಟ್ಟುಕೊಳ್ಳದೆ ಈ ಎರಡು ಅಂಕಿಗಳನ್ನು ಹೋಲಿಸಲಾಗದು.

ಅಹಮದಾಬಾದ್

ಹಿರಿಯರ ತಂಡ ಗುಜರಾತಿಗೆ ಹೋದದ್ದು ಒಳ್ಳೆಯ ಆರಂಭದ ಬೆನ್ನಲ್ಲೇ. ಜನವರಿ 5ರಿಂದ 8ರವರೆಗೆ ಹುಬ್ಬಳ್ಳಿಯಲ್ಲಿ ನಡೆದ ಮೊದಲ ಪಂದ್ಯದಲ್ಲಿ ಪಂಜಾಬ್ ತಂಡವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ ಆರು ಅಂಕಗಳನ್ನು ಪಡೆದಿತ್ತು. ದೇವದತ್ತ ಪಡಿಕ್ಕಲ್ ಅಲ್ಲಿ 193 ರನ್ ಹೊಡೆದಿದ್ದರು, ಮನೀಷ್ ಪಾಂಡೆ 118. ಅದು ಮುಗಿದ ಮೇಲೆ ನಡುವೆ ಉಳಿದದ್ದು ಮೂರು ದಿನ. ಅಷ್ಟರೊಳಗೆ ಪ್ರಯಾಣ, ವಿಶ್ರಾಂತಿ, ಅಭ್ಯಾಸ ಎಲ್ಲವೂ ಆಗಬೇಕಿತ್ತು.

ಗುಜರಾತ್ ಮೊದಲ ಇನಿಂಗ್ಸ್‌ನಲ್ಲಿ 264 ರನ್ ಗಳಿಸಿತು. ಉತ್ತರವಾಗಿ ಕರ್ನಾಟಕ 374 ರನ್ ಮಾಡಿತು. ನಾಯಕ ಮಯಂಕ್ ಅಗರವಾಲ್ 109, ಮನೀಷ್ ಪಾಂಡೆ 88, ಆರ್. ಸಮರ್ಥ್ 60. ಈ ಮೂವರದ್ದೇ 257 ರನ್ ಆಗುತ್ತದೆ. ಉಳಿದ ಎಂಟು ಮಂದಿ ಮತ್ತು ಇತರೆ ರನ್ನುಗಳನ್ನು ಸೇರಿಸಿದರೆ 117. ಮುನ್ನಡೆ 110 ಎಂದು ಕೇಳಿದಾಗ ನೆಮ್ಮದಿಯಾಗುತ್ತದೆ. ಆದರೆ ಶತಕ ಹೊಡೆದ ಆರಂಭಿಕನಿರುವ, ಮಧ್ಯ ಕ್ರಮಾಂಕದಲ್ಲಿ 88 ರನ್ ಬಂದಿರುವ ಇನಿಂಗ್ಸ್ ಇನ್ನೂ ನೂರು ರನ್ ಮುಂದೆ ಹೋಗಬಹುದಿತ್ತು, ಹೋಗಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಸೋಲಿನ ಬೇರು ಕೊನೆಯ ದಿನದಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ಅದರ ಒಂದು ಎಳೆ ಈ ಮೊದಲ ಇನಿಂಗ್ಸ್‌ನ ಕೆಳ ಕ್ರಮಾಂಕದಲ್ಲೂ ಇದೆ.

ಎರಡನೆಯ ಇನಿಂಗ್ಸ್‌ನಲ್ಲಿ ಗುಜರಾತ್ 219 ರನ್ ಗಳಿಸಿತು. 110 ರನ್ನುಗಳ ಹಿನ್ನಡೆಯನ್ನು ಕಳೆದರೆ ಉಳಿದದ್ದು 109; ಗೆಲ್ಲಲು ಅದಕ್ಕಿಂತ ಒಂದು ರನ್ ಹೆಚ್ಚು ಬೇಕಾದ್ದರಿಂದ ಕರ್ನಾಟಕದ ಮುಂದೆ ಬಂದ ಗುರಿಯೂ 110. ಮುನ್ನಡೆಯ ಅಂಕಿಯೇ ಗುರಿಯ ಅಂಕಿಯಾಗಿ ಮರಳಿ ಬಂತು.

ಮಯಂಕ್ ಮತ್ತು ಪಡಿಕ್ಕಲ್ ಆರಂಭಿಕರಾಗಿ ಬಂದು ವಿಕೆಟ್ ನಷ್ಟವಿಲ್ಲದೆ 50 ರನ್ ಸೇರಿಸಿದರು. ಆ ಕ್ಷಣದ ಲೆಕ್ಕವನ್ನು ಸ್ವಲ್ಪ ನಿಂತು ನೋಡಬೇಕು. ಬೇಕಾದದ್ದು ಇನ್ನು 60 ರನ್, ಕೈಯಲ್ಲಿ ಹತ್ತು ವಿಕೆಟ್. ರಣಜಿ ಲೀಗ್ ಹಂತದ ನಿಯಮದಂತೆ ನೇರ ಗೆಲುವಿಗೆ ಆರು ಅಂಕ, ಇನಿಂಗ್ಸ್ ಅಥವಾ ಹತ್ತು ವಿಕೆಟ್‌ಗಳ ಗೆಲುವಿಗೆ ಒಂದು ಹೆಚ್ಚುವರಿ ಅಂಕ ಸೇರಿ ಏಳು; ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ ಮೂರು, ಮತ್ತೊಬ್ಬರಿಗೆ ಒಂದು; ಸೋತವರಿಗೆ ಸೊನ್ನೆ. ಹೀಗಾಗಿ 50ಕ್ಕೆ ಸೊನ್ನೆ ಎಂಬ ಹಂತದಲ್ಲಿ ಕರ್ನಾಟಕಕ್ಕೆ ಏಳು ಅಂಕಗಳ ದಾರಿಯೂ ತೆರೆದಿತ್ತು. ಅಲ್ಲಿಂದ ಮುಂದೆ ಹತ್ತು ವಿಕೆಟ್‌ಗಳು 53 ರನ್ನುಗಳ ಅಂತರದಲ್ಲಿ ಬಿದ್ದವು. ಮಯಂಕ್ 19 ರನ್ ಗಳಿಸಿ, ಪಡಿಕ್ಕಲ್ 31 ರನ್ ಗಳಿಸಿ ಹೊರನಡೆದ ಮೇಲೆ ಇನಿಂಗ್ಸನ್ನು ಹಿಡಿದು ನಿಲ್ಲಿಸುವ ಜತೆಯಾಟ ಬರಲಿಲ್ಲ. ಎಡಗೈ ಸ್ಪಿನ್ನರ್ ಸಿದ್ಧಾರ್ಥ್ ದೇಸಾಯಿ 42 ರನ್ ಕೊಟ್ಟು ಏಳು ವಿಕೆಟ್ ಪಡೆದರು.

ನಾಲ್ಕನೆಯ ದಿನ ಸವೆದ ಪಿಚ್ಚಿನ ಮೇಲೆ ಎಡಗೈ ಸ್ಪಿನ್ನರ್ ಬಲಗೈ ದಾಂಡಿಗನಿಗೆ ಚೆಂಡನ್ನು ಹೊರಕ್ಕೆ ತಿರುಗಿಸುವುದು ಕ್ರಿಕೆಟ್ಟಿನಲ್ಲಿ ಹೊಸ ಕಷ್ಟವೇನಲ್ಲ. ಗುರಿ ಚಿಕ್ಕದಾಗಿದ್ದಾಗ ಅದರ ಭಾರ ಹೆಚ್ಚುತ್ತದೆ ಎಂಬುದೇ ಇಲ್ಲಿನ ನಿಜವಾದ ತೊಡಕು. 300 ರನ್ ಬೇಕಿದ್ದರೆ ದಾಂಡಿಗನು ಮೊದಲ ಅರ್ಧ ಗಂಟೆ ನಿಲ್ಲುವುದನ್ನೇ ತನ್ನ ಕೆಲಸವೆಂದು ತಿಳಿಯುತ್ತಾನೆ. 110 ಬೇಕಿದ್ದಾಗ, ಅದರಲ್ಲೂ 50 ರನ್ ಆಗಲೇ ಬಂದಿರುವಾಗ, ಹೊಸದಾಗಿ ಬಂದವನು ನಿಲ್ಲಬೇಕೋ ಮುಗಿಸಬೇಕೋ ಎಂದು ತೀರ್ಮಾನಿಸುವುದಕ್ಕೆ ಮೊದಲೇ ಪಕ್ಕದವನು ಔಟಾಗಿರುತ್ತಾನೆ. ಡ್ರೆಸ್ಸಿಂಗ್ ರೂಮಿನಲ್ಲಿ ಪ್ಯಾಡ್ ಕಟ್ಟದೆ ಕುಳಿತವರು ಅವಸರದಲ್ಲಿ ಕಟ್ಟಿಕೊಳ್ಳಬೇಕಾಗುತ್ತದೆ. ಕ್ಲಬ್ ಲೀಗಿನಲ್ಲಿ ಆಡಿದ ಯಾರಿಗೂ ಈ ಹದಿನೈದು ನಿಮಿಷಗಳ ಅನುಭವ ಅಪರಿಚಿತವಲ್ಲ. ಅದು ರಾಜ್ಯ ತಂಡಕ್ಕೂ ಬರುತ್ತದೆ, ದೇಶದ ತಂಡಕ್ಕೂ ಬರುತ್ತದೆ. ಇದಕ್ಕೆ ಎರಡು ವಾರಗಳಷ್ಟೂ ಹಿಂದಲ್ಲದ ಉದಾಹರಣೆಯೊಂದಿತ್ತು: ಜನವರಿ 3ರಂದು ಕೇಪ್‌ಟೌನ್ ಟೆಸ್ಟ್‌ನಲ್ಲಿ ಭಾರತ 4 ವಿಕೆಟ್‌ಗೆ 153 ಇದ್ದದ್ದು ಒಂದೇ ಒಂದು ರನ್ ಸೇರಿಸದೆ 153ಕ್ಕೆ ಆಲೌಟಾಗಿತ್ತು.

ಕರ್ನಾಟಕದ ಅಭಿಮಾನಿಗಳಿಗೆ ಈ ಆರು ರನ್ ಎಂಬ ಅಂತರ ಬೇರೆಯೇ ಒಂದು ನೋವನ್ನು ನೆನಪಿಸಿತು. 2010ರ ಜನವರಿಯಲ್ಲಿ, ಸಂಕ್ರಾಂತಿಯ ಅದೇ ವಾರದಲ್ಲಿ, ಮೈಸೂರಿನ ಗಂಗೋತ್ರಿ ಗ್ಲೇಡ್ಸ್ ಮೈದಾನದಲ್ಲಿ ರಣಜಿ ಫೈನಲ್ ನಡೆದಿತ್ತು. ಮುಂಬೈ ಕೊಟ್ಟ 338 ರನ್ನುಗಳ ಗುರಿಗೆ ಕರ್ನಾಟಕ 331ರವರೆಗೆ ಬಂದು ಆರು ರನ್ನುಗಳಿಂದ ಸೋತಿತ್ತು. ಅಂದು 144 ರನ್ ಹೊಡೆದ ಇಪ್ಪತ್ತರ ತರುಣ ಮನೀಷ್ ಪಾಂಡೆ, ಹದಿನಾಲ್ಕು ವರ್ಷಗಳ ಮೇಲೆ ಅಹಮದಾಬಾದಿನ ತಂಡದಲ್ಲೂ ಇದ್ದರು. ಆದರೂ ಎರಡು ಸೋಲುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು. ಮೈಸೂರಿನದು ಎಟುಕದ ಗುರಿಯೊಂದನ್ನು ಬಹುತೇಕ ಎಟುಕಿಸಿಕೊಂಡ ತಂಡದ ಸೋಲು. ಅದನ್ನು ಕಂಡವರು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಹಮದಾಬಾದಿನದು ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ ಸೋಲು. ಅಂತರದ ಅಂಕಿ ಒಂದೇ ಆಗಿದ್ದು ಆಕಸ್ಮಿಕ.

ಸ್ಕೋರ್‌ಕಾರ್ಡಿನಲ್ಲಿ ಕಾಣದ ನಷ್ಟವೊಂದು ಈ ಪಂದ್ಯದಲ್ಲಿ ಇನ್ನೂ ದೊಡ್ಡದಿತ್ತು. ದಕ್ಷಿಣ ಆಫ್ರಿಕಾದಲ್ಲಿ ಟೆಸ್ಟ್‌ಗೆ ಪದಾರ್ಪಣೆ ಮಾಡಿ ಆಗಷ್ಟೇ ಮರಳಿದ್ದ ವೇಗದ ಬೌಲರ್ ಪ್ರಸಿದ್ಧ ಕೃಷ್ಣ, ಗುಜರಾತಿನ ಮೊದಲ ಇನಿಂಗ್ಸ್‌ನಲ್ಲಿ ಬೌಲಿಂಗ್ ಮಾಡುತ್ತಿರುವಾಗಲೇ ತೊಡೆಯ ಸ್ನಾಯುವಿನ ಗಾಯಕ್ಕೆ ಒಳಗಾದರು. ಫೆಬ್ರುವರಿ 23ರಂದು ಅವರಿಗೆ ಎಡತೊಡೆಯ ಸ್ನಾಯುರಜ್ಜುವಿನ ಶಸ್ತ್ರಚಿಕಿತ್ಸೆ ಆಯಿತು, ಆ ವರ್ಷದ ಐಪಿಎಲ್ ಪೂರ್ತಿ ತಪ್ಪಿತು. ಗುಜರಾತಿನ ಎರಡನೆಯ ಇನಿಂಗ್ಸ್‌ನ 219 ರನ್ನುಗಳನ್ನು ಓದುವಾಗ ಮುಖ್ಯ ವೇಗಿಯ ಸೇವೆ ಕರ್ನಾಟಕಕ್ಕೆ ಇರಲಿಲ್ಲ ಎಂಬುದನ್ನು ಮರೆಯಬಾರದು. ಗುರಿ 110ರ ಬದಲು 80 ಆಗಿದ್ದರೆ 103 ರನ್ ಗಳಿಸಿದ ತಂಡವೇ ಗೆಲ್ಲುತ್ತಿತ್ತು. ಸೋಲಿನ ಹೊಣೆಯನ್ನು ಪೂರ್ತಿಯಾಗಿ ಕೊನೆಯ ದಿನದ ದಾಂಡಿಗರ ಮೇಲೆ ಹೊರಿಸಿದ ವರದಿಗಳು ಈ ಒಂದು ಸಂಗತಿಗೆ ಸಲ್ಲಬೇಕಾದ ತೂಕವನ್ನು ಕೊಡಲಿಲ್ಲವೆಂದು ನಾನು ನಂಬುತ್ತೇನೆ.

ನವುಲೆ

ಕೂಚ್ ಬಿಹಾರ್ ಟ್ರೋಫಿ 1945-46ರಲ್ಲಿ ಶಾಲಾ ಹುಡುಗರ ಟೂರ್ನಿಯಾಗಿ ಆರಂಭವಾದದ್ದು, ಈಗ 19 ವರ್ಷದೊಳಗಿನವರ ರಾಷ್ಟ್ರೀಯ ಟೂರ್ನಿ. ಅಲ್ಲಿಯವರೆಗೆ ರಣಜಿ ಟ್ರೋಫಿಯನ್ನು ಎಂಟು ಬಾರಿ ಗೆದ್ದಿದ್ದ ಕರ್ನಾಟಕಕ್ಕೆ ಈ ಟ್ರೋಫಿ ಒಮ್ಮೆಯೂ ದಕ್ಕಿರಲಿಲ್ಲ. ಫೈನಲ್ ನಡೆದದ್ದು ಬೆಂಗಳೂರಿನಲ್ಲಲ್ಲ, ಶಿವಮೊಗ್ಗ ವಲಯದ ನವುಲೆಯಲ್ಲಿ ಎಂಬುದೂ ನನ್ನ ಮಟ್ಟಿಗೆ ಮುಖ್ಯ. ರಾಜ್ಯ ಕ್ರಿಕೆಟ್ ಎಂದರೆ ಚಿನ್ನಸ್ವಾಮಿ ಕ್ರೀಡಾಂಗಣ ಎಂದು ತಿಳಿದವರಿಗೆ ಹುಬ್ಬಳ್ಳಿ, ಮೈಸೂರು, ಶಿವಮೊಗ್ಗಗಳ ಮೈದಾನಗಳಲ್ಲಿ ಈ ಹದಿನೈದು ವರ್ಷಗಳಿಂದ ಎಷ್ಟು ದೊಡ್ಡ ಪಂದ್ಯಗಳು ನಡೆದಿವೆ ಎಂಬುದರ ಅರಿವು ಕಡಿಮೆ.

ಮೊದಲು ಬ್ಯಾಟ್ ಮಾಡಿದ ಮುಂಬೈ 380 ರನ್ ಗಳಿಸಿತು. ಆಯುಷ್ ಮ್ಹಾತ್ರೆ 145 ಹೊಡೆದರು. ಅದೇ ವರ್ಷ ಮುಂಬೈ ರಣಜಿ ತಂಡಕ್ಕೂ, ಮರುವರ್ಷ ಐಪಿಎಲ್‌ಗೂ ಬಂದ ಹುಡುಗ ಅವರೇ. ಕರ್ನಾಟಕದ ಪರ ಸ್ಪಿನ್ನರ್ ಹಾರ್ದಿಕ್ ರಾಜ್ ನಾಲ್ಕು ವಿಕೆಟ್, ಸಮಿತ್ ದ್ರಾವಿಡ್ ಎರಡು ವಿಕೆಟ್ ಪಡೆದರು. ಇಷ್ಟು ಬಲವಾದ ಬ್ಯಾಟಿಂಗ್ ತಂಡವನ್ನು ಮೊದಲ ಇನಿಂಗ್ಸ್‌ನಲ್ಲಿ 380ಕ್ಕೆ ನಿಲ್ಲಿಸಿದ ಈ ಬೌಲಿಂಗ್ ಆಮೇಲೆ ಬಂದ 404ರ ನೆರಳಿನಲ್ಲಿ ಮರೆಯಾಯಿತು. ಆ ನಾಲ್ಕು ವಿಕೆಟ್‌ಗಳಿಲ್ಲದಿದ್ದರೆ ಫೈನಲ್ಲಿನ ಗಣಿತವೇ ಬೇರೆಯಾಗುತ್ತಿತ್ತು.

ಕರ್ನಾಟಕ 223 ಓವರ್ ಬ್ಯಾಟ್ ಮಾಡಿತು. ದಿನಕ್ಕೆ 90 ಓವರ್ ಎಂದಿಟ್ಟುಕೊಂಡರೆ ಸುಮಾರು ಎರಡೂವರೆ ದಿನ. ಪ್ರಖರ್ ಆರಂಭಿಕನಾಗಿ ಬಂದು ಕೊನೆಯವರೆಗೂ ಉಳಿದರು: 638 ಎಸೆತ, 46 ಬೌಂಡರಿ, 3 ಸಿಕ್ಸರ್, 404 ರನ್. ಈ ಅಂಕಿಗಳನ್ನು ಕೂಡಿ ಕಳೆದು ನೋಡುವುದರಲ್ಲಿ ಒಂದು ಸುಖವಿದೆ. ಬೌಂಡರಿ, ಸಿಕ್ಸರ್‌ಗಳಿಂದ ಬಂದದ್ದು 202. ಅಂದರೆ ಸರಿಯಾಗಿ ಅರ್ಧ. ಉಳಿದ 202 ರನ್ನುಗಳನ್ನು ಆ ಹುಡುಗ ಓಡಿ ತೆಗೆದದ್ದು. ಜತೆಗಾರರು ಗಳಿಸಿದ ರನ್ನುಗಳಿಗೂ ಆತ ಓಡಿರಬೇಕು ಎಂಬುದನ್ನು ಸೇರಿಸಿದರೆ ಈ ಇನಿಂಗ್ಸ್ ಹೊಡೆತಗಳಿಗಿಂತ ಹೆಚ್ಚಾಗಿ ದೇಹ ಮತ್ತು ಮನಸ್ಸಿನ ತ್ರಾಣದ ಪರೀಕ್ಷೆಯಾಗಿತ್ತು ಎಂಬುದು ಗೊತ್ತಾಗುತ್ತದೆ. ನೂರು ಎಸೆತಗಳಿಗೆ 63 ರನ್ನುಗಳ ವೇಗ ಉದ್ದಕ್ಕೂ ಕಾಯ್ದುಕೊಂಡದ್ದು, ಅವಸರವೂ ಅಲ್ಲದ ಜಡವೂ ಅಲ್ಲದ ಹದ. ಮೇಲೆ ಹೇಳಿದ ಕೇಪ್‌ಟೌನ್ ಟೆಸ್ಟ್, ಫಲಿತಾಂಶ ಕಂಡ ಟೆಸ್ಟ್‌ಗಳಲ್ಲೇ ಅತಿ ಚಿಕ್ಕದು. ಎರಡೂ ತಂಡಗಳು ಸೇರಿ ಆಡಿದ್ದು 642 ಎಸೆತ. ಹನ್ನೊಂದು ದಿನಗಳ ಅಂತರದಲ್ಲಿ ನವುಲೆಯಲ್ಲಿ ಒಬ್ಬ ದಾಂಡಿಗ ಒಂದೇ ಇನಿಂಗ್ಸ್‌ನಲ್ಲಿ ಅದಕ್ಕಿಂತ ನಾಲ್ಕೇ ಎಸೆತ ಕಡಿಮೆ ಎದುರಿಸಿದ್ದರು.

ಎರಡನೆಯ ವಿಕೆಟ್‌ಗೆ ಹರ್ಷಿಲ್ ಧರ್ಮಾಣಿ ಜತೆ 290 ರನ್ನುಗಳ ಜತೆಯಾಟ ಬಂತು; ಧರ್ಮಾಣಿಯ ಪಾಲು 169. ಕೆ.ಪಿ. ಕಾರ್ತಿಕೇಯ 72 ರನ್ ಗಳಿಸಿದರು. ಎಂಟು ವಿಕೆಟ್ ಬಿದ್ದ ಮೇಲೆ ಬಂದ ಎನ್. ಸಮರ್ಥ್ ಅಜೇಯ 55 ರನ್ ಗಳಿಸಿ, 400ರ ಗಡಿ ದಾಟುವವರೆಗೆ ಮತ್ತೊಂದು ತುದಿಯನ್ನು ಕಾದರು. ಒಂಬತ್ತನೆಯ ವಿಕೆಟ್‌ನ ಆ ಜತೆಗಾರಿಕೆ ಇಲ್ಲದಿದ್ದರೆ ಈ ದಾಖಲೆಯೂ ಇರುತ್ತಿರಲಿಲ್ಲ. ಕೂಚ್ ಬಿಹಾರ್ ಟ್ರೋಫಿಯ ಫೈನಲ್‌ನಲ್ಲಿ ಅಲ್ಲಿಯವರೆಗಿನ ಅತ್ಯಧಿಕ ವೈಯಕ್ತಿಕ ಮೊತ್ತ ಯುವರಾಜ್ ಸಿಂಗ್ ಅವರದಾಗಿತ್ತು. 1999ರ ಡಿಸೆಂಬರ್‌ನಲ್ಲಿ ಜಮ್ಶೆಡ್‌ಪುರದಲ್ಲಿ ಬಿಹಾರದ 357 ರನ್ನುಗಳಿಗೆ ಪಂಜಾಬ್ 5 ವಿಕೆಟ್‌ಗೆ 839 ರನ್ ಗಳಿಸಿದಾಗ ಯುವರಾಜ್ 358 ಹೊಡೆದಿದ್ದರು. 84 ರನ್ ಗಳಿಸಿದ್ದ ಮಹೇಂದ್ರ ಸಿಂಗ್ ಧೋನಿ ಎದುರಾಳಿ ತಂಡದಲ್ಲಿದ್ದರು. ಅಲ್ಲಿ ಯುವರಾಜ್ ಒಬ್ಬರೇ ಬಿಹಾರದ ಮೊತ್ತವನ್ನು ಒಂದು ರನ್ನಿನಿಂದ ದಾಟಿದ್ದರು, ಇಲ್ಲಿ ಪ್ರಖರ್ ಒಬ್ಬರೇ ಮುಂಬೈ ಮೊತ್ತವನ್ನು 24 ರನ್ನುಗಳಿಂದ ದಾಟಿದರು. ಟೂರ್ನಿಯ ಒಟ್ಟು ದಾಖಲೆ ಮಾತ್ರ 2011-12ರಲ್ಲಿ ಅಸ್ಸಾಂ ವಿರುದ್ಧ ಅಜೇಯ 451 ಹೊಡೆದ ಮಹಾರಾಷ್ಟ್ರದ ವಿಜಯ್ ಝೋಲ್ ಹೆಸರಿನಲ್ಲೇ ಉಳಿಯಿತು.

ಈಗ ಒಂದು ಪ್ರಶ್ನೆ. 510 ರನ್ನುಗಳ ಮುನ್ನಡೆ ಏಕೆ ಬೇಕಿತ್ತು? 200 ರನ್ ಮುಂದಿದ್ದಾಗಲೇ ಡಿಕ್ಲೇರ್ ಮಾಡಿ, ಅಂದರೆ ಇನಿಂಗ್ಸ್ ಮುಗಿಯಿತೆಂದು ತಾವೇ ಘೋಷಿಸಿ, ನೇರ ಗೆಲುವಿಗೆ ಪ್ರಯತ್ನಿಸಬಹುದಿತ್ತಲ್ಲವೇ? ಉತ್ತರ ನಿಯಮದಲ್ಲಿದೆ. ಫೈನಲ್ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದ ತಂಡಕ್ಕೇ ಟ್ರೋಫಿ. 381ನೆಯ ರನ್ ಬಂದ ಕ್ಷಣದಿಂದ ಕರ್ನಾಟಕ ಸೋಲದಿದ್ದರೆ ಸಾಕಾಗಿತ್ತು. ಬ್ಯಾಟಿಂಗ್ ಮುಂದುವರಿಸಿದಷ್ಟೂ ಎದುರಾಳಿಗೆ ಗೆಲ್ಲಲು ಬೇಕಾದ ಸಮಯ ಕರಗುತ್ತಿತ್ತು. ನೇರ ಗೆಲುವಿಗೆ ಹೆಚ್ಚಿನ ಬಹುಮಾನವಿಲ್ಲದ ಕಡೆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳುವಂತೆ ನಾಯಕ ಧೀರಜ್ ಗೌಡರನ್ನು ಯಾವ ತರಬೇತುದಾರನೂ ಕೇಳುತ್ತಿರಲಿಲ್ಲ. ಅವರ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಆದರೂ ಒಂದು ಬೆಲೆಯಿತ್ತು. ಹಾರ್ದಿಕ್ ರಾಜ್ ಮತ್ತು ಜತೆಗಾರ ಬೌಲರ್‌ಗಳಿಗೆ ನಾಲ್ಕನೆಯ ದಿನದ ಪಿಚ್ಚಿನಲ್ಲಿ, ಗೆಲುವಿನ ಒತ್ತಡದಲ್ಲಿ, ಎರಡನೆಯ ಬಾರಿ ಬೌಲಿಂಗ್ ಮಾಡುವ ಅವಕಾಶ ದೊರೆಯಲಿಲ್ಲ. ಮುಂಬೈ ದಾಂಡಿಗರಿಗೂ ಸೋಲು ತಪ್ಪಿಸಲು ಹೋರಾಡುವ ಕಲಿಕೆ ಸಿಗಲಿಲ್ಲ. 19 ವರ್ಷದೊಳಗಿನವರ ಟೂರ್ನಿಯ ಉದ್ದೇಶ ಟ್ರೋಫಿಯಷ್ಟೇ ಅಲ್ಲವಾದ್ದರಿಂದ, ಕಿರಿಯರ ಫೈನಲ್‌ಗಳಿಗೆ ಮುನ್ನಡೆಯ ಈ ನಿಯಮವನ್ನು ಭಾರತೀಯ ಕ್ರಿಕೆಟ್ ಮಂಡಳಿ ಮತ್ತೊಮ್ಮೆ ಪರಿಶೀಲಿಸಬೇಕು.

ಈ ಹಂತದಲ್ಲಿ ಎರಡು ಪಂದ್ಯಗಳ ಹೋಲಿಕೆ ಬೇರೆ ರೂಪ ತಾಳುತ್ತದೆ. ಎರಡೂ ಕಡೆ ಕರ್ನಾಟಕ ಎರಡನೆಯದಾಗಿ ಬ್ಯಾಟ್ ಮಾಡಿ ಮೊದಲ ಇನಿಂಗ್ಸ್ ಮುನ್ನಡೆ ಪಡೆದಿತ್ತು. ನವುಲೆಯಲ್ಲಿ ಆ ಮುನ್ನಡೆಯೇ ಟ್ರೋಫಿಯಾಯಿತು. ಅಹಮದಾಬಾದಿನಲ್ಲಿ 110 ರನ್ನುಗಳ ಮುನ್ನಡೆ ಡ್ರಾ ಆಗಿದ್ದರೆ ಮೂರು ಅಂಕ ತರುತ್ತಿತ್ತು, ಸೋತ ಕಾರಣ ಅದರ ಬೆಲೆ ಸೊನ್ನೆಯಾಯಿತು. ಕಿರಿಯರಿಗೆ ನಾಲ್ಕನೆಯ ದಿನದ ಆಟ ಹೆಚ್ಚುಕಡಿಮೆ ಭಾರವಿಲ್ಲದ್ದು, ಹಿರಿಯರಿಗೆ ಎಲ್ಲ ಭಾರವೂ ಆ ದಿನದ ಮೇಲೆಯೇ ಬಿದ್ದಿತ್ತು. ಪ್ರಖರ್ ಇನಿಂಗ್ಸನ್ನು ಇದರಿಂದ ಕಿರಿದುಗೊಳಿಸಿದಂತಾಗಬಾರದು. 638 ಎಸೆತಗಳ ಕಾಲ ಔಟಾಗದೆ ಇರುವುದು ಯಾವ ನಿಯಮದ ಕೆಳಗೂ ಕಷ್ಟವೇ. ಆದರೆ ಈ ಹುಡುಗರನ್ನು ನೋಡಿ ಹಿರಿಯರು ಕಲಿಯಲಿ ಎಂದು ಆ ದಿನಗಳಲ್ಲಿ ಕೇಳಿಬಂದ ಮಾತು ಎರಡೂ ತಂಡಗಳಿಗೆ ಅನ್ಯಾಯ ಮಾಡುವಂಥದು. ಸವೆದ ಪಿಚ್ಚಿನಲ್ಲಿ ಸಣ್ಣ ಗುರಿ ಬೆನ್ನಟ್ಟುವ ಪಾಠ ನವುಲೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಮುಂದೆಂದೋ ರಣಜಿ ತಂಡಕ್ಕೆ ಬಂದಾಗ ಅವರೂ ಅದನ್ನು ಅಲ್ಲಿಯೇ ಕಲಿಯಬೇಕಾಗುತ್ತದೆ.

ಅಲ್ಲಿಲ್ಲದವರು

ವಾರಾಂತ್ಯದ ಫಲಿತಾಂಶಗಳ ಪಟ್ಟಿಯಲ್ಲಿ ಆಡದವರ ಹೆಸರು ಇರುವುದಿಲ್ಲ. ಕ್ಲಬ್ಬುಗಳಲ್ಲಿ ತಂಡವನ್ನು ಹೊಂದಿಸುವವರಿಗೆ ಮಾತ್ರ ಅದರ ಕಷ್ಟ ಗೊತ್ತು: ಮೊದಲ ತಂಡದ ಬೌಲರ್ ಒಬ್ಬ ರಾಜ್ಯ ತಂಡಕ್ಕೆ ಆಯ್ಕೆಯಾದರೆ ಎರಡನೆಯ ತಂಡದವನು ಮೇಲೆ ಹೋಗುತ್ತಾನೆ, ಅವನ ಜಾಗಕ್ಕೆ ಕಾಲೇಜು ಹುಡುಗನೊಬ್ಬನಿಗೆ ಶುಕ್ರವಾರ ರಾತ್ರಿ ಫೋನ್ ಹೋಗುತ್ತದೆ. ಆ ವಾರಾಂತ್ಯ ರಾಜ್ಯದ ಮಟ್ಟದಲ್ಲೂ ಇದೇ ಆಗಿತ್ತು. ಕೆ.ಎಲ್. ರಾಹುಲ್ ದಕ್ಷಿಣ ಆಫ್ರಿಕಾ ಪ್ರವಾಸ ಮುಗಿಸಿ, ಜನವರಿ 25ರಿಂದ ಹೈದರಾಬಾದಿನಲ್ಲಿ ಇಂಗ್ಲೆಂಡ್ ವಿರುದ್ಧ ಆರಂಭವಾಗಬೇಕಿದ್ದ ಟೆಸ್ಟ್ ಸರಣಿಯ ಕಡೆ ಮುಖ ಮಾಡಿದ್ದರು. ಕೊಡಗಿನ ವೇಗಿ ವಿದ್ವತ್ ಕಾವೇರಪ್ಪ, ಇಂಗ್ಲೆಂಡಿನ ಎರಡನೆಯ ತಂಡವಾದ ಇಂಗ್ಲೆಂಡ್ ಲಯನ್ಸ್ ಎದುರಿನ ಭಾರತ ‘ಎ’ ತಂಡದಲ್ಲಿದ್ದರು. ಆ ಅಭ್ಯಾಸ ಪಂದ್ಯ ನಡೆದದ್ದೂ ಅದೇ ದಿನಗಳಲ್ಲಿ, ಅಹಮದಾಬಾದಿನಲ್ಲೇ. ಪ್ರಸಿದ್ಧ ಗಾಯಗೊಂಡಾಗ ಕರ್ನಾಟಕದ ಮತ್ತೊಬ್ಬ ಮುಖ್ಯ ವೇಗಿ ಅದೇ ಊರಿನಲ್ಲಿ ಬೇರೆ ಬಣ್ಣದ ಟೋಪಿ ಹಾಕಿಕೊಂಡಿದ್ದರು. ಕಿರಿಯರ ತಂಡವೂ ಪೂರ್ಣಬಲದ್ದಲ್ಲ. ಬೌಲರ್ ಧನುಷ್ ಗೌಡ ಜನವರಿ 19ರಂದು ದಕ್ಷಿಣ ಆಫ್ರಿಕಾದಲ್ಲಿ ಆರಂಭವಾಗಲಿದ್ದ 19 ವರ್ಷದೊಳಗಿನವರ ವಿಶ್ವಕಪ್‌ನ ಭಾರತ ತಂಡದಲ್ಲಿದ್ದರು.

ಇದನ್ನು ದೂರಾಗಿ ಹೇಳುತ್ತಿಲ್ಲ. ಮೇಲಕ್ಕೆ ಆಟಗಾರರನ್ನು ಕಳಿಸುವುದೇ ರಾಜ್ಯ ಸಂಸ್ಥೆಯ ಕೆಲಸ, ಹಾಗೆಯೇ ರಾಜ್ಯಕ್ಕೆ ಕಳಿಸುವುದು ಕ್ಲಬ್ಬಿನ ಕೆಲಸ. ಆದರೆ ಕಳಿಸಿದ ಮೇಲೆ ಉಳಿದ ತಂಡವನ್ನು ಅಳೆಯುವಾಗ ಆ ಲೆಕ್ಕ ನಮ್ಮ ಮುಂದಿರಬೇಕು. ಪತ್ರಿಕೆಗಳ ಕ್ರೀಡಾಪುಟದಲ್ಲಿ ಆ ಭಾನುವಾರದ ದೊಡ್ಡ ಜಾಗ ಇಂದೋರಿನಲ್ಲಿ ಅಫ್ಘಾನಿಸ್ತಾನದ ವಿರುದ್ಧ ನಡೆದ ಟಿ20 ಪಂದ್ಯಕ್ಕೆ ಹೋಯಿತು. ಬೆಂಗಳೂರು 17ರಂದು ಅದೇ ಸರಣಿಯ ಕೊನೆಯ ಪಂದ್ಯಕ್ಕೆ ಸಿದ್ಧವಾಗುತ್ತಿತ್ತು. ನವುಲೆಯ ಹೆಸರು ಮುಖ್ಯ ಸುದ್ದಿಗೆ ಬಂದದ್ದು 400 ದಾಟಿದ ಮೇಲೆಯೇ.

ಫಲಿತಾಂಶಗಳ ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳಬಹುದು. ಎಂಟು ತಂಡಗಳ ಸಿ ಗುಂಪಿನಲ್ಲಿ ಹಿರಿಯರು ಚೇತರಿಸಿಕೊಂಡು, ತಮಿಳುನಾಡಿನ ಹಿಂದೆ ಎರಡನೆಯ ಸ್ಥಾನ ಪಡೆದು ಕ್ವಾರ್ಟರ್‌ಫೈನಲ್ ತಲುಪಿದರು. ಅಗರ್ತಲದಲ್ಲಿ ತ್ರಿಪುರಾ ವಿರುದ್ಧ 29 ರನ್ನುಗಳಿಂದ, ಸೂರತ್‌ನಲ್ಲಿ ರೈಲ್ವೇಸ್ ವಿರುದ್ಧ ಒಂದೇ ವಿಕೆಟ್‌ನಿಂದ ಗೆದ್ದರು. ಸೂರತ್‌ನ ಆ ಗೆಲುವಿನಲ್ಲಿ ಕೊನೆಯವರೆಗೆ ನಿಂತವರು ಮನೀಷ್ ಪಾಂಡೆ. ಅಹಮದಾಬಾದಿನಲ್ಲಿ ಬಾರದೆ ಹೋದದ್ದು ಅಂಥದೇ ಒಂದು ಇನಿಂಗ್ಸ್. ಕ್ವಾರ್ಟರ್‌ಫೈನಲ್‌ನಲ್ಲಿ ನಾಗಪುರದಲ್ಲಿ ವಿದರ್ಭ 127 ರನ್ನುಗಳಿಂದ ಸೋಲಿಸಿತು. ಅಹಮದಾಬಾದಿನಲ್ಲಿ ಕಳೆದುಕೊಂಡ ಅಂಕಗಳು ಕೊನೆಗೆ ಗುಂಪಿನಿಂದ ಮುಂದೆ ಹೋಗುವುದನ್ನು ತಡೆಯಲಿಲ್ಲ, ಪ್ರಸಿದ್ಧ ಅವರ ಗಾಯ ಮಾತ್ರ ಋತುವಿನ ಉದ್ದಕ್ಕೂ ಉಳಿಯಿತು. ಪಡಿಕ್ಕಲ್ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಟೆಸ್ಟ್‌ಗೆ ಪದಾರ್ಪಣೆ ಮಾಡಿ 65 ರನ್ ಹೊಡೆದರು. ಅದೇ ತಿಂಗಳು ಕರ್ನಾಟಕದ 23 ವರ್ಷದೊಳಗಿನವರ ತಂಡ ಉತ್ತರ ಪ್ರದೇಶವನ್ನು ಸೋಲಿಸಿ ಕರ್ನಲ್ ಸಿ.ಕೆ. ನಾಯುಡು ಟ್ರೋಫಿ ಗೆದ್ದಿತು. ನವುಲೆಯ ಹುಡುಗರಲ್ಲಿ ಹಾರ್ದಿಕ್ ರಾಜ್, ಕಾರ್ತಿಕೇಯ, ಎನ್. ಸಮರ್ಥ್ ಮತ್ತು ಸಮಿತ್ ದ್ರಾವಿಡ್ ಆ ವರ್ಷದ ಸೆಪ್ಟೆಂಬರ್‌ನ ಆಸ್ಟ್ರೇಲಿಯಾ ಸರಣಿಗೆ 19 ವರ್ಷದೊಳಗಿನವರ ಭಾರತ ತಂಡಕ್ಕೆ ಆಯ್ಕೆಯಾದರು.

ಆ ವಾರಾಂತ್ಯದ ನಂತರದ ಶುಕ್ರವಾರ, ಜನವರಿ 19ರಂದು, ಹಿರಿಯರ ತಂಡ ಗೋವಾ ವಿರುದ್ಧ ಮೂರನೆಯ ಪಂದ್ಯ ಆಡಲು ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈದಾನಕ್ಕೆ ಇಳಿಯಿತು. 2010ರಲ್ಲಿ ಅದರ ಹೆಸರು ಗಂಗೋತ್ರಿ ಗ್ಲೇಡ್ಸ್ ಎಂದಿತ್ತು.